ದುರ್ಗಿ ಬಿಚ್ಚದ ಚೀಲ

ಕಾಲುವೆಗೆ ನೀರು ಬಿಟ್ಟರೆ ಊರಿಗೆಲ್ಲ ಕೆಸರಿನ ವಾಸನೆ ಹಿಡಿಯುತ್ತಿದ್ದ ಕಾಲವದು. ಸಿಂಧನೂರಿನ ಕಡೆಗೆ ಭತ್ತದ ನಾಟಿಗೆಂದು ಬಂದು ನೆಲೆಸಿದ ನಮ್ಮಂಥವರ ಗುಡಿಸಲುಗಳು ಕಾಲುವೆಯ ಏರಿಯ ಮೇಲಿದ್ದವು. ನಾನು, ದುರ್ಗಿ ಆರನೇ ತರಗತಿ. ರೊಟ್ಟಿ, ಶೇಂಗಾ ಚಟ್ನಿ ತಿಂದು, ಏರಿಯುದ್ದಕ್ಕೂ ಒಂಟಿಗಾಲಲ್ಲಿ ಪಂದ್ಯ ಕಟ್ಟಿ ಕುಂಟುತ್ತ ಶಾಲೆ ಸೇರುತ್ತಿದ್ದೆವು. ಓದಿನಲ್ಲಿ ಅವಳೇ ನನಗಿಂತ ಚುರುಕು.

ಒಂದು ಬೆಳಿಗ್ಗೆ ಬಿಸಿಯೂಟದ ಕೋಣೆಯಿಂದ ಎರಡು ಎಣ್ಣೆ ಪಾಕೀಟು ಕಾಣೆಯಾದವು. ಪ್ರಾರ್ಥನೆ ಮುಗಿದೊಡನೆ ಹೆಡ್‌ಮಾಸ್ತರರು, "ಏರಿ ಮ್ಯಾಲಿನ ಹುಡುಗ್ರು ಈ ಕಡೆ ಬರ್ರಿ. ಚೀಲ ಬಿಚ್ರಿ" ಎಂದರು.

ಒಂಬತ್ತು ಮಂದಿ ಬೇರೆ ನಿಂತೆವು. ಊರೊಳಗಿನ ಮಕ್ಕಳು ನೋಡುತ್ತಿದ್ದರು. ನಾನು ತಲೆಬಾಗಿ ಬಿಚ್ಚಿದೆ. ದುರ್ಗಿ ತನ್ನ ಚೀಲವನ್ನು ಎದೆಗವಚಿಕೊಂಡಳು.

"ನಾ ಬಿಚ್ಚಂಗಿಲ್ರಿ ಸರ. ಎಲ್ಲಾರವೂ ನೋಡ್ರಿ, ಆಮ್ಯಾಲೆ ನಂದು."

"ಊರಾಗಿನವ್ರ ಮನ್ಯಾಗ ಎಣ್ಣಿ ಕಮ್ಮಿ ಐತೇನಬೇ? ಇಲ್ಲದವ್ರೇ ಒಯ್ತಾರ."

ಶಾಲೆಯ ಮಗ್ಗುಲ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಅವಳವ್ವ ಹನುಮವ್ವ ಗದ್ದಲ ಕೇಳಿ ಬಂದಳು. ಮೊಣಕಾಲತನಕ ಕೆಸರು.

"ಇಲ್ಲದವ್ರು ಅಂದ್ರ ಕಳ್ಳರೇನ್ರಿ ಸರ? ಗದ್ದಿಗೆ ಕರಿಯುವಾಗ ನಾವು ಕಳ್ಳರು ಅನಸಂಗಿಲ್ಲೇನು?"

ಹೆಡ್‌ಮಾಸ್ತರರು ಗೇಟಿನತ್ತ ಕೈ ತೋರಿಸಿದರು. "ಹಂಗಾದ್ರ ಕರ್ಕೊಂಡು ನಡಿ. ಮಾಫಿ ಕೇಳಿದ್ರಷ್ಟ ಒಳಗ" ಎಂದುಬಿಟ್ಟರು.

"ಮಾಡಲಾರದ್ದಕ್ಕ ಯಾಕ ಮಾಫಿ?" ಎಂದಳು ದುರ್ಗಿ. ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು. ಮರುದಿನ ಅವ್ವನ ಪಕ್ಕ ಗದ್ದೆಯಲ್ಲಿ ಬಗ್ಗಿದ್ದಳು. ಎಣ್ಣೆ ಸಿಗಲಿಲ್ಲ; ಊರೊಳಗಿನ ಮಕ್ಕಳ ಚೀಲವನ್ನು ಯಾರೂ ಮುಟ್ಟಲಿಲ್ಲ.

ಈಗ ನಾನು ಲಿಂಗಸುಗೂರು ತಾಲೂಕಿನಲ್ಲಿ ಶಿಕ್ಷಕಿ. ಈಚೆಗೆ ಒಂದು ತರಬೇತಿಯಲ್ಲಿ, ಯಾವ ಮನೆಯ ಮಕ್ಕಳು ಅಪರಾಧಕ್ಕೆ ಇಳಿಯುತ್ತಾರೆಂದು ಒಬ್ಬರು ಪಟ್ಟಿ ಓದಿದರು: ಬಡತನ, ಗುಳೆ, ಗುಡಿಸಲು, ಅರ್ಧಕ್ಕೆ ಬಿಟ್ಟ ಶಾಲೆ. ನಾನು ಎದ್ದು ನಿಂತೆ.

"ಬರೇ ಅವ್ರ ಚೀಲನ ಹುಡುಕಿದ್ರ, ಕಳುವು ಮತ್ತೆಲ್ಲಿ ಸಿಗಬೇಕ್ರಿ? ಶಾಲಿ ಬಿಟ್ಟವ್ರು ಅಂತೀರಿ, ಬಿಡಿಸಿದವ್ರು ಯಾರು ಅಂತ ಬರದೀರೇನು?"

ಪಕ್ಕದವರು ಕೈ ಜಗ್ಗಿ ಕೂರಿಸಲು ನೋಡಿದರು, ಕೂರಲಿಲ್ಲ.

ಆದರೆ ಆ ಧೈರ್ಯ ಬಹಳ ತಡವಾಗಿ ಬಂತು. ಅಂದು ತಲೆಬಾಗಿ ಬಿಚ್ಚಿದವಳಿಗೆ ಶಾಲೆ ಉಳಿಯಿತು, ನೌಕರಿಯೂ ಸಿಕ್ಕಿತು. ಬಿಚ್ಚದವಳು ಮಸ್ಕಿಯ ಹತ್ತಿರ ಇಂದಿಗೂ ಕೂಲಿಗೆ ಹೋಗುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನನ್ನ ತಲೆಯೇ ತಗ್ಗುತ್ತದೆ. ದುರ್ಗಿ ಇವತ್ತಿಗೂ ತಗ್ಗಿಸಿಲ್ಲ.