ಪಕ್ಕದ ಮನೆಯ ಪಿಚರ್

ಯಾರೂ ಯಾರನ್ನೂ ಮುಟ್ಟದ ಕೊರೊನಾ ದಿನಗಳವು. ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾಕ್ಕೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ಪಕ್ಕದ ಮನೆಯ ಎತ್ತರದ ಮನುಷ್ಯರೊಬ್ಬರು ಬಾಗಿಲು ತಟ್ಟಿ ಕೇಳಿದರು: "ಅಂಗಿಯ ಮೇಲಿನ ಗುಂಡಿ ಹಾಕಿಕೊಡ್ತೀರಾ? ದಿನಾ ಹೆಂಡತಿ ಹಾಕ್ತಿದ್ದಳು. ಇವತ್ತು ಅವಳ ಮಣ್ಣು."

ಮಾಸ್ಕ್ ಏರಿಸಿ ಗುಂಡಿ ಹಾಕಿದೆ. ಅವರ ಬಲ ಮೊಣಕೈ ಮಡಚುತ್ತಲೇ ಇರಲಿಲ್ಲ. ಧಾರವಾಡದಲ್ಲಿ ಇಂಥ ಕೈಗಳನ್ನು ಸರಿಪಡಿಸುವುದೇ ನನ್ನ ಕೆಲಸವಾಗಿತ್ತು. ಇಲ್ಲಿ ಗಂಡನಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ತಾಣದಲ್ಲಿ ನೌಕರಿ; ಅವನ ವೀಸಾದ ಮೇಲೆ ಬಂದು ಕೆಲಸ ಮಾಡುವಂತಿಲ್ಲದ ಫಿಸಿಯೋಥೆರಪಿಸ್ಟ್ ನಾನು, ಬರೀ ಗೃಹಿಣಿ. ಸಂಜೆ ಅವರ ಜಗಲಿಯಲ್ಲಿ ಕೂತು ಕೈಗೆ ವ್ಯಾಯಾಮ ಮಾಡಿಸತೊಡಗಿದೆ. ಊರು ಬಿಟ್ಟ ಮೇಲೆ ನಾನು ನಾನಾಗಿದ್ದದ್ದು ಅಲ್ಲಿ ಮಾತ್ರ.

ಅವರ ಹೆಸರು ರೇ; ಬೇಸ್‌ಬಾಲ್ ಪಿಚರ್ ಆಗಿದ್ದವರು, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ವರ್ಷಗಟ್ಟಲೆ ಸಣ್ಣ ಊರುಗಳ ತಂಡಗಳಲ್ಲಿ ಆಡಿ, ಕೊನೆಗೆ ಅಟ್ಲಾಂಟಾದ ದೊಡ್ಡ ಮೈದಾನಕ್ಕಿಳಿದರಂತೆ. ನೋವು ಅಡಗಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಒಂದೇ ಒಂದು ಬೇಸಿಗೆ ಚೆಂಡು ಎಸೆದರು. ಕೈಯ ಕತೆ ಮುಗಿದೇ ಹೋಯಿತು. ಆಮೇಲೆ ಒಂದು ಸಣ್ಣ ತಂಡಕ್ಕೆ ಕೋಚ್ ಆದರು. ಕೊರೊನಾ ಬಂದು ಆ ತಂಡವೂ ಮುಚ್ಚಿತು. ಈಗ ಬಡಾವಣೆಯ ಮಕ್ಕಳಿಗೆ ಕಲಿಸುತ್ತಿದ್ದರು.

ನಮ್ಮ ಮಗಳು ಇಂಚರಾಳೂ ಸೇರಿದಳು. ಎರಡು ವರ್ಷದಲ್ಲಿ ತಂಡದ ಪಿಚರ್ ಆದಳು. ಫೈನಲ್ ದಿನ ಅವಳು ಮೊಣಕೈ ಒತ್ತಿಕೊಂಡದ್ದನ್ನು ಕಂಡ ರೇ ಆಟದ ನಡುವೆಯೇ ಅವಳನ್ನು ಹೊರಗೆ ಕರೆದರು. ತಂಡ ಸೋತಿತು.

"ನೀವು ಸೋತಿರಿ ಅಂತ ನನ್ನನ್ನೂ ಸೋಲಿಸಿದ್ರಿ!" ಮಗಳು ಇಂಗ್ಲಿಷಿನಲ್ಲಿ ಕಿರುಚಿದಳು.

ಮನೆಯಲ್ಲಿ ಅವಳ ಕೈ ಪರೀಕ್ಷಿಸಿದೆ. ಎಲುಬು ಬೆಳೆಯುವ ಜಾಗದಲ್ಲೇ ಊದಿತ್ತು. ಇನ್ನಷ್ಟು ಎಸೆದಿದ್ದರೆ ರೇ ಅವರ ಕೈಗಾದದ್ದೇ ಇವಳ ಕೈಗೂ ಆಗುತ್ತಿತ್ತು. ಸೋಲಿನ ಸಿಟ್ಟಿನಲ್ಲಿ ಸೇರಿದ್ದ ಪಾಲಕರ ಸಭೆಯಲ್ಲಿ ಎದ್ದು ಇದನ್ನೇ ಹೇಳಿದೆ. "ನಿಮಗೆ ಬೇಸ್‌ಬಾಲ್ ಏನು ಗೊತ್ತು?" ಎಂದರೊಬ್ಬರು. ರೇ ಅವರಿಗೆ ಇನ್ನು ಬರಬೇಡಿ ಎಂದರು.

ಅವರು ಮನೆ ಮಾರಿ ಸೌತ್ ಕ್ಯಾರೊಲೈನಾದ ತಂಗಿಯ ಮನೆಗೆ ಹೊರಟರು. ಇಂಚರಾ ಕಾರಿನ ತನಕ ಓಡಿ, "ಕೋಚ್, ಸಾರಿ," ಎಂದಳು. "ಕೈ ಹೇಗಿದೆ?" ಎಂದಷ್ಟೇ ಕೇಳಿದರು.

ಕಳೆದ ಚಳಿಗಾಲ ನಾನು ಧಾರವಾಡದಲ್ಲಿ ಅಕ್ಕನ ಮನೆಯಲ್ಲಿದ್ದೆ. ಇಂಚರಾ ಫೋನ್ ಮಾಡಿ, "ಅಮ್ಮಾ, ಕೋಚ್ ಹೋಗ್ಬಿಟ್ರು," ಎಂದು ಅತ್ತಳು. ನಾನೂ ಅತ್ತೆ.

"ಯಾರು ತೀರಿಕೊಂಡ್ರು?" ಅಕ್ಕ ಓಡಿ ಬಂದಳು.

"ಅಲ್ಲಿ, ಪಕ್ಕದ ಮನಿಯವ್ರು."

"ಏನಾಗಬೇಕಿತ್ತು ನಿನಗ?"

ಅಲ್ಲಿ ನಾನು ಅವರ ಅಂತ್ಯಕ್ರಿಯೆಗೆ ಹೋಗಿದ್ದರೂ ಇದನ್ನೇ ಕೇಳುತ್ತಿದ್ದರು.

"ಏನೂ ಆಗಬೇಕಿರಲಿಲ್ಲ," ಎಂದೆ.

"ಹಂಗಾರ ಸ್ನಾನ ಮಾಡೂದೇನ್ ಬ್ಯಾಡ," ಎಂದು ಅಕ್ಕ ಒಳಗೆ ಹೋದಳು.

ನಾನು ಬಚ್ಚಲಿಗೆ ಹೋಗಿ ತಲೆ ಮೇಲೆ ತಣ್ಣೀರು ಸುರಿದುಕೊಂಡೆ.