ಕಣ್ಣು ಮುಚ್ಚಿ ಆರಿಸಿದ ಎಂಜಿನ್

ಗೆಳೆಯರೇ, ಎರಡು ತಿಂಗಳಿಂದ ಮುಸುಕು ಹೊದ್ದು ನಿಂತಿದ್ದ ನನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಇವತ್ತು ಬದಲಿ ಎಂಜಿನ್ ಸಿಕ್ಕಿತು. ಆರ್.ಟಿ. ನಗರದ ಮೆಕ್ಯಾನಿಕ್ ರಫೀಕ್ ಭಾಯ್ ಎರಡು ಎಂಜಿನ್‌ಗಳನ್ನು ಸ್ಟ್ಯಾಂಡಿಗೆ ಏರಿಸಿಟ್ಟಿದ್ದರು. ಒಂದು ಹೆಚ್ಚು ಶಕ್ತಿಯ, ಓಡುವಾಗ ಶಿಳ್ಳೆ ಹೊಡೆಯುವ ಟರ್ಬೋ, ಇನ್ನೊಂದು ಟರ್ಬೋ ಇಲ್ಲದ್ದು.

"ಟರ್ಬೋನೇ ಹಾಕಿ ಭಾಯ್" ಎಂದೆ, ಆಟೋ ಇಳಿಯುತ್ತಲೇ.

"ಹೆಸ್ರು ನೋಡಿ ತಗೋಬೇಡಿ ಸಾರ್. ಕಣ್ಮುಚ್ಕೊಂಡು ಕೇಳಿ. ಯಾವ್ದು ಇಷ್ಟ ಆಗುತ್ತೋ ಅದನ್ನೇ ಕೂರಿಸ್ತೀನಿ."

ಅವರ ಗ್ಯಾರೇಜಿನಲ್ಲಿ ಎಲ್ಲರಿಗೂ ಇದೇ ಕಾನೂನು. ಕಣ್ಣು ಮುಚ್ಚಿದೆ. ಮೊದಲನೆಯದು ಚೆನ್ನಾಗಿಯೇ ಓಡಿತು, ನನಗೇನೂ ಅನ್ನಿಸಲಿಲ್ಲ. ಎರಡನೆಯದು ಶುರುವಾದಾಗ ಮೈ ಜುಮ್ಮೆಂದಿತು. ಆ ಗುಡುಗಿನ ಮೇಲೊಂದು ಸುಂಯ್ ಎನ್ನುವ ಶಿಳ್ಳೆ ಬೇರೆ.

"ಇದೇ ಭಾಯ್, ಇದೇ ಟರ್ಬೋ. ವಿಶಲ್ ಕೇಳಿಸ್ತಿಲ್ವಾ?"

ರಫೀಕ್ ಭಾಯ್ ಎಂಜಿನ್ ಆಫ್ ಮಾಡಿದರು. ಶಿಳ್ಳೆ ನಿಲ್ಲಲಿಲ್ಲ.

"ಇದು ಟರ್ಬೋ ಇಲ್ದೇ ಇರೋದು ಸಾರ್. ವಿಶಲ್ ಮಹಡಿ ಮೇಲಿಂದ. ನಮ್ ಮನೇಲಿ ಕುಕ್ಕರ್ ಇಟ್ಟಿದ್ದಾರೆ."

ಆದರೂ ಆ ಗುಡುಗನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಅದನ್ನೇ ಕೂರಿಸಲು ಹೇಳಿ ಬಂದಿದ್ದೇನೆ. ನಾಳೆ ಸಂಜೆ ಗಾಡಿ ಕೈಗೆ ಬರುತ್ತದೆ, ಈಗಲೇ ಕೂತಲ್ಲಿ ಕೂರಲಾಗುತ್ತಿಲ್ಲ. ಟರ್ಬೋ ಬೇಕೆನಿಸಿದ ದಿನ ರಫೀಕ್ ಭಾಯ್ ಮನೆಯಲ್ಲಿ ಬೇಳೆ ಬೇಯುವ ಹೊತ್ತಿಗೆ ಹೋಗಿ ಗಾಡಿ ನಿಲ್ಲಿಸಿದರಾಯಿತು.