ತಮ್ಮನ ಕೊರಳಿನ ಉಕ್ಕಿನ ಗೋಲಿ

ನನ್ನ ತಮ್ಮ ಶ್ರೀಶೈಲ ಎರಡು ವರ್ಷ ಉಗಾಂಡದಲ್ಲಿದ್ದು ಬಂದ ಮೇಲೆ ಒಂದು ಕಡೆ ಐದು ನಿಮಿಷ ಕೂತಿದ್ದನ್ನು ನಾನು ನೋಡಲಿಲ್ಲ. ಬೈಲಹೊಂಗಲದಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಬಾಗಿಲಿಗೆ ಹೋಗಿ ಬಸ್ಸು ನೋಡುತ್ತಿದ್ದ, ಮತ್ತೆ ಒಳಗೆ ಬರುತ್ತಿದ್ದ. ಕೈ ಮಾತ್ರ ಸದಾ ಎದೆಯ ಮೇಲಿನ ಲಿಂಗದ ವಸ್ತ್ರದ ಮೇಲೆ. ಬ್ಲೌಸು ಹೊಲಿಸಲು ಬರುವ ಕರೆವ್ವ ಅದನ್ನು ನೋಡಿ, “ಗಂಗಾ, ನಿಮ್ಮ ತಮ್ಮಗ ಭಾಳ ಭಕ್ತಿ ಬಿಡವಾ” ಅಂದಳು. ನನಗೆ ಹಾಗನ್ನಿಸಲಿಲ್ಲ. ಭಕ್ತಿ ಇದ್ದವರು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುವುದಿಲ್ಲ.

ನಮ್ಮದು ಅಯ್ಯನವರ ಮನೆತನ. ಹೆಸರಿಗೆ ಗುರುಗಳ ಮನೆ, ಹೊಟ್ಟೆಗೆ ನಾಲ್ಕು ಎಕರೆ ಹೊಲ. ಶ್ರೀಶೈಲ ಹತ್ತು ವರ್ಷದವನಿದ್ದಾಗಲೇ ಸವದತ್ತಿ ಕಡೆಯ ಒಂದು ಮಠದಲ್ಲಿ ಓದಲು ನಿಂತ. ಮಠದ ಸ್ವಾಮಿಗಳನ್ನು ನಾವೆಲ್ಲ ಅಜ್ಜಾರು ಅನ್ನುತ್ತೇವೆ. ಶ್ರೀಶೈಲನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ಅಜ್ಜಾರಿಗೆ ಉಗಾಂಡದ ಒಂದು ಸಕ್ಕರೆ ಕಾರ್ಖಾನೆಯಿಂದ ಫೋನು ಬಂತು. ಅಲ್ಲಿ ರಾಮದುರ್ಗ, ಬೈಲಹೊಂಗಲ ಕಡೆಯ ಹದಿನೆಂಟು ಮನೆಗಳಿವೆ. ಕಬ್ಬು ಅರೆಯುವ ವಿದ್ಯೆ ನಮ್ಮವರನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಮಕ್ಕಳಿಗೆ ಲಿಂಗಪೂಜೆ ಬರುವುದಿಲ್ಲ, ಹುಟ್ಟಿದ ಕೂಸುಗಳಿಗೆ ಲಿಂಗ ಕಟ್ಟುವವರಿಲ್ಲ, ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿದ್ದರು. ಅಜ್ಜಾರು ಶ್ರೀಶೈಲನ ಕೈಗೆ ಆರು ಲಿಂಗ ಕೊಟ್ಟು ಕಳಿಸಿದರು. ನಾನು ಅವನ ಕೊರಳಿಗೆ ಹೊಸ ಶಿವದಾರ ಹೊಸೆದುಕೊಟ್ಟೆ.

ಮೊದಲ ವರ್ಷ ಅವನ ಫೋನು ಕೇಳಿದರೆ ಉಗಾಂಡವೆಲ್ಲ ವಿಭೂತಿ ಹಚ್ಚಿಕೊಂಡಿತೇನೋ ಅನ್ನಿಸುತ್ತಿತ್ತು. ಪೂಜೆ ಆಗದೆ ಯಾರ ಮನೆಯಲ್ಲೂ ಚಹಾ ಇಲ್ಲವಂತೆ. ಮ್ಯಾನೇಜರರ ಹೆಂಡತಿಯೂ ಆರರೊಳಗೆ ಸ್ನಾನ ಮಾಡುತ್ತಾಳಂತೆ. ಎಷ್ಟು ಜಂಬ! ಎರಡನೆಯ ವರ್ಷ ಫೋನು ಸಣ್ಣದಾಯಿತು. ಕಡೆಯ ಏಳು ತಿಂಗಳು “ಆರಾಮ ಅದೇನಿ” ಎನ್ನುವುದು ಬಿಟ್ಟರೆ ಮಾತಿಲ್ಲ. ಬಂದ ಮೇಲೆ ಅಜ್ಜಾರು ಹೇಳಿಕಳಿಸಿದರು: ಬರುವ ಸೋಮವಾರದಿಂದ ಕಿತ್ತೂರು ಕಡೆಯ ಶಾಖಾಮಠ ಶ್ರೀಶೈಲ ನೋಡಿಕೊಳ್ಳಲಿ. ಊರೆಲ್ಲ ಹಿಗ್ಗಿತು. ಅವನೊಬ್ಬ ಹಿಗ್ಗಲಿಲ್ಲ.

ಗುರುವಾರ ಮಧ್ಯಾಹ್ನ ಅವನ ಶಿವದಾರ ಎಳೆಯೆಳೆಯಾಗಿ ಬಿಚ್ಚಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು.

“ದಾರ ಜೂಲಾಗೇತಿ. ಬ್ಯಾರೆ ಹೊಸೀತೇನಿ, ತಡಿ.”

“ಬ್ಯಾಡಕ್ಕಾ.”

ಅಂದವನೇ ಎದ್ದ. ದಾರ ನನ್ನ ಮಿಷಿನ್ನಿನ ಗಾಲಿಗೆ ಸಿಕ್ಕಿತು, ಹರಿಯಿತು. ವಸ್ತ್ರ ಬಿಚ್ಚಿ ಒಳಗಿದ್ದುದು ಟಣ್ ಎಂದು ನೆಲಕ್ಕೆ ಬಿದ್ದು, ಉರುಳಿ ಹೋಗಿ ಪೆಡಲಿನ ಕೆಳಗೆ ನಿಂತಿತು. ಕೊರಳ ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಆದರೆ ಲಿಂಗ ಹಾಗೆ ಉರುಳುವುದಿಲ್ಲ. ಬಗ್ಗಿ ನೋಡಿದರೆ ಅಲ್ಲಿದ್ದುದು ಫಳಫಳ ಹೊಳೆಯುವ ಒಂದು ಉಕ್ಕಿನ ಗೋಲಿ.

“ಏನೋ ಇದು?”

“ಬೇರಿಂಗಿನ ಗೋಲಿ.”

“ಲಿಂಗ ಎಲ್ಲೈತಿ?”

“ಸೋಮಪ್ಪನ ಕೈಯಾಗ. ಮಣ್ಣಾಗ.”

ನಾನು ಶಟರ್ ಅರ್ಧ ಎಳೆದೆ. ಎಂಟು ಅಡಿ ಅಂಗಡಿಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಅವನು ಎಲ್ಲ ಹೇಳಿದ.

ಸೋಮಪ್ಪ ರಾಮದುರ್ಗದವರು. ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದರು. ಅಲ್ಲಿಯ ಹೆಣ್ಣನ್ನು ಮದುವೆಯಾದರು. ಮದುವೆಗೆ ನಮ್ಮ ಕಡೆಯವರು ಒಬ್ಬರೂ ಬರಲಿಲ್ಲ. ಆ ಸಿಟ್ಟಿಗೆ ಕೊರಳ ಲಿಂಗ ಬಿಚ್ಚಿ ಹೊಳೆಗೆ ಎಸೆದರು. ವಯಸ್ಸಾದ ಮೇಲೆ ಒಂದು ಸಂಜೆ ಕೋಲು ಊರಿಕೊಂಡು ಶ್ರೀಶೈಲನ ಬಾಗಿಲಿಗೆ ಬಂದು, ಮತ್ತೆ ಲಿಂಗ ಕಟ್ಟಿರಿ ಎಂದು ಕೇಳಿದರು.

“ನನ್ನ ಕಡೆ ಇನ್ನ ಒಂದ ಲಿಂಗ ಇತ್ತಕ್ಕಾ. ಮ್ಯಾನೇಜರ ಮಗಳು ಬಸರಿದ್ಲು. ಆ ಕೂಸಿಗೆ ಅಂತ ಇಟ್ಟಿದ್ದೆ. ಇವರಿಗೆ, ಮೊದಲ ಬಾಡ ತಿನ್ನೂದ ಬಿಡ್ರಿ, ಊರಿಗೆ ಹೋಗಿ ಗುರುಗಳನ್ನ ಕೇಳ್ರಿ, ಆಮ್ಯಾಲ ನೋಡೂಣು ಅಂದೆ. ಅವರು ನಕ್ಕರು. ನನ್ನ ಮೊಣಕಾಲು ಗೇಟಿನ ತನಕಾ ಒಯ್ಯೂದಿಲ್ಲ, ರಾಮದುರ್ಗಕ್ಕ ಎಲ್ಲಿ ಒಯ್ತಾವ ಅಂದ್ರು. ಒಳಗ ಬರ್ರಿ ಅಂತ ಸುದ್ದಾ ನಾ ಅನ್ನಲಿಲ್ಲ. ನಿಂತರು, ನಿಂತರು, ಹೋದರು.”

ಮುಂದಿನ ವಾರ ಕೊನೆಯ ಲಿಂಗ ಮ್ಯಾನೇಜರರ ಮೊಮ್ಮಗನ ಕೊರಳಿಗೆ ಹೋಯಿತು. ಅದರ ಮುಂದಿನ ತಿಂಗಳು ಸೋಮಪ್ಪ ತೀರಿಕೊಂಡರು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ ಎಂದು ಅವರು ಹೆಂಡತಿಗೆ ಹೇಳಿಟ್ಟಿದ್ದರು. ಆಕೆ ಕುಣಿಯನ್ನು ಸರಿಯಾಗಿಯೇ ತೋಡಿಸಿದ್ದಳು. ಗಂಡನ ಎಡಗೈ ಬಿಡಿಸಿ ಹಿಡಿದುಕೊಂಡು, ಕಲ್ಲು ಎಲ್ಲಿ ಎನ್ನುವಂತೆ ಶ್ರೀಶೈಲನ ಮುಖ ನೋಡಿದಳು. ಅವನು ತನ್ನ ಕೊರಳಿನದನ್ನು ಬಿಚ್ಚಿ ಅಲ್ಲಿಟ್ಟ.

“ಭಕ್ತಿಲಿಂದ ಇಡಲಿಲ್ಲಕ್ಕಾ. ನಾಚಿಕಿ ಬಂತು, ಇಟ್ಟೆ.”

ಸೋಮಪ್ಪನ ಫಿಟ್ಟರ್ ಸಾಮಾನಿನ ಪೆಟ್ಟಿಗೆಯಿಂದ ಆಕೆ ನೆನಪಿಗೆಂದು ಆ ಗೋಲಿ ಕೊಟ್ಟಳು. ವಸ್ತ್ರ ಬರಿದಾಗಿದ್ದು ಯಾರಿಗೂ ಕಾಣಬಾರದೆಂದು ಇವನು ಅದನ್ನೇ ಕಟ್ಟಿಕೊಂಡ. ಏಳು ತಿಂಗಳು ಮಕ್ಕಳ ಮುಂದೆ ಅಂಗೈ ಮೇಲೆ ಬಟ್ಟೆ ಮುಚ್ಚಿ ಪೂಜೆ ಮಾಡಿದ.

“ಊಟಾ?” ಎಂದೆ. ಲಿಂಗಪೂಜೆ ಇಲ್ಲದೆ ನಮ್ಮಲ್ಲಿ ತುತ್ತು ಮುಟ್ಟುವುದಿಲ್ಲ.

“ಹಸಿವ್ಯಾಗತಿತ್ತು. ಉಂಡೆ.”

“ಹೇಳೂದು ಆಚಾರ, ತಿನ್ನೂದು ಬದನೀಕಾಯಿ” ಎಂದು ಬೈದೆ. ಏಳು ತಿಂಗಳು ಇದನ್ನು ಒಬ್ಬನೇ ಹೊತ್ತು ತಿರುಗಿದ್ದನಲ್ಲ!

“ಅಜ್ಜಾರಿಗೆ ಫೋನ್ ಮಾಡಾಕ ಏನ ಧಾಡಿ ಆಗಿತ್ತು ನಿನಗ?”

“ಲಿಂಗ ಕೊಟ್ಟೆ ಅಂತ ಹೇಳಿದ್ರ ಎಲ್ಲಾರೂ ದೊಡ್ಡವ ಅಂತಾರ. ಅದಕ್ಕಿಂತ ಮೊದಲ, ಅವರು ಕೇಳಾಕ ಬಂದಾಗ ಕೊಡಲಿಲ್ಲ ಅನ್ನೂದನ್ನ ಹೇಳಬೇಕಲ್ಲ.”

ಹೇಳಿದರೆ ಕಿತ್ತೂರಿನ ಮಠ ಕೈ ತಪ್ಪಬಹುದು ಎನ್ನುವುದು ನನಗೂ ಗೊತ್ತಿತ್ತು. ಹೇಳದಿದ್ದರೆ ಸೋಮವಾರ ಅದೇ ಗೋಲಿ ಕಟ್ಟಿಕೊಂಡು ಇವನು ಗುರುವಿನ ಗದ್ದಿಗೆಯಲ್ಲಿ ಕೂರಬೇಕು. ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವನನ್ನು ಸವದತ್ತಿ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಸೀಟು ಬದಲಿಸಿದ. ಮುನವಳ್ಳಿಯಲ್ಲಿ ಬಸ್ಸು ನಿಂತಾಗ ಇಳಿದೇಬಿಟ್ಟ.

“ನೀ ಮುಂದ ಹೋಗು. ನಾ ನವಿಲುತೀರ್ಥದ ಡ್ಯಾಮ್ ನೋಡಿ ಬರತೇನಿ.”

“ಡ್ಯಾಮ್ ಎಲ್ಲೂ ಓಡಿ ಹೋಗೂದಿಲ್ಲ. ಓಡಾಕ ಹತ್ತಿದಾವ ನೀ. ಹತ್ತು ಮ್ಯಾಲ” ಎಂದು ಅಂಗಿ ಹಿಡಿದು ಎಳೆದೆ. ಬಸ್ಸಿನಲ್ಲಿದ್ದವರು ನಕ್ಕರು. ನಗಲಿ.

ಅಜ್ಜಾರು ಮಠದ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶ್ರೀಶೈಲ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಸೋಮಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿದ್ದು, ಮ್ಯಾನೇಜರರ ಮೊಮ್ಮಗನಿಗೆಂದು ಲಿಂಗ ಇಟ್ಟುಕೊಂಡಿದ್ದು, ಮುಚ್ಚಿದ ಅಂಗೈ, ಉಂಡ ಊಟ, ಯಾವುದನ್ನೂ ಬಿಡಲಿಲ್ಲ. ಗೋಲಿಯನ್ನು ಅವರ ಮುಂದಿಟ್ಟ. ಅಜ್ಜಾರು ಅದನ್ನು ನೋಡಿದರು, ಮುಟ್ಟಲಿಲ್ಲ.

“ಸೋಮಪ್ಪಗ ನೀ ಏನ ಹೇಳಿದ್ದಿ?”

“ಗುರುಗಳನ್ನ ಕೇಳ್ರಿ ಅಂದಿದ್ದೆ.”

“ಈಗ ನೀ ಯಾಕ ಬಂದಿ?”

“ಕೇಳಾಕ ಬಂದೇನ್ರಿ.”

ಅಜ್ಜಾರು ಎದ್ದು ಕೈ ತೊಳೆದು ಒಳಗೆ ಹೋದರು. ಹನ್ನೊಂದು ದಿನದ ಉಪವಾಸವೋ, ಪ್ರಾಯಶ್ಚಿತ್ತವೋ, ಏನು ಹೇಳುತ್ತಾರೋ ಎಂದು ನಾನು ಎಣಿಸುತ್ತ ನಿಂತೆ. ಅವರು ಒಂದು ಲಿಂಗ ಹಿಡಿದು ಬಂದರು. ಅವನನ್ನು ಕೂರಿಸಿದರು, ಹಣೆಗೆ ವಿಭೂತಿ ಹಚ್ಚಿದರು, ಕಿವಿಯಲ್ಲಿ ಮಂತ್ರ ಹೇಳಿದರು, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ತೊಳೆದ ಕೈ ಇನ್ನೂ ಆರಿರಲಿಲ್ಲ. ಮತ್ತೆ ಹುಣಸೆಹಣ್ಣಿನ ಮುಂದೆ ಕುಳಿತು, “ಸೋಮವಾರ ಲಗೂನ ಕಿತ್ತೂರಿಗೆ ಹೋಗೂದೈತಿ, ಮರೀಬ್ಯಾಡ” ಅಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಶ್ರೀಶೈಲ ಮಾತ್ರ ಅಂಗೈ ನೋಡುತ್ತ ಕುಳಿತೇ ಇದ್ದ. ಅವನು ಹಾಗೆ ಅಲುಗದೆ ಕೂತಿದ್ದು ಅದೇ ಮೊದಲು.

“ಇಷ್ಟ ಏನ್ರಿ, ಅಜ್ಜಾ?”

“ಇಷ್ಟ. ಮತ್ತೇನ ಬೇಕಿತ್ತು?”

“ಇದಕ್ಕಿಂತಾ ಹೆಚ್ಚು ಹೊತ್ತು ಸೋಮಪ್ಪ ನನ್ನ ಬಾಗಲದಾಗ ನಿಂತಿದ್ರು” ಎಂದ. ಅವನ ಕಣ್ಣೀರು ಲಿಂಗದ ಮೇಲೆ ಬೀಳುತ್ತಿತ್ತು.